ನಾಲಿಗೆ ಚಾಚಿದ ಕಲ್ಲುಮುಖ

ಪಿನಕ್ಕ ಮಾತಿನಲ್ಲಿ ಬಲು ಜಿಪುಣಿ. ಹುಟ್ಟುಗುಣವೇನಲ್ಲ, ಊರು ಕಲಿಸಿದ ಗುಣ.

ಆ ಊರಿನ ಇಗರ್ಜಿ ಸಿಸಿಲಿಗೆಲ್ಲ ಹೆಸರುವಾಸಿ. ಉದ್ದನೆಯ ಮೆಟ್ಟಿಲುಸಾಲಿನ ತುದಿಯಲ್ಲಿ, ಉಸಿರು ಎಳೆದುಕೊಂಡು ಎದೆಯುಬ್ಬಿಸಿ ನಿಂತವರ ಹಾಗೆ ಅದರ ಮುಂಗೋಡೆ ನಡುವೆ ಉಬ್ಬಿಕೊಂಡಿದೆ. ಜೇನುಬಣ್ಣದ ಕಲ್ಲು. ಎರಡನೇ ಅಂತಸ್ತಿನ ಅಂಚಿನಡಿಯಲ್ಲಿ ಕಲ್ಲಿನ ಮುಖಗಳ ಸಾಲು: ಒಂದು ನಗುತ್ತದೆ, ಒಂದು ಕೆನ್ನೆಯುಬ್ಬಿಸಿ ಊದುತ್ತದೆ. ಒಂದು ಮಾತ್ರ ನಾಲಿಗೆ ಹೊರಚಾಚಿ ಕೂತಿದೆ. ಅದನ್ನು ಕೆತ್ತಿದವನು ವಾನ್ನಿ ಸ್ಕೀಫೋ. ಕೆತ್ತಿದ್ದು ತನ್ನದೇ ಮುಖವಂತೆ. ಪಿನಕ್ಕ ಅವನ ವಂಶದವಳು.

ಊರಿಗೆ ಅಷ್ಟೇ ಸಾಕಾಯಿತು. ಅಲ್ಲಿ ಪ್ರತಿ ಮನೆತನಕ್ಕೂ ಒಂದು ಅಡ್ಡಹೆಸರುಂಟು, ನಿಜವಾದ ಹೆಸರು ಅಂಚೆಯವನಿಗಷ್ಟೇ ಬೇಕು. ಸ್ಕೀಫೋಗಳು 'ನಾಲಿಗೆಯವರು' ಆದರು. ಊರು ಹೇಳುವ ಕಥೆ ಹೀಗೆ: ಮುನ್ನೂರು ವರ್ಷದ ಹಿಂದೆ ಭೂಕಂಪದಲ್ಲಿ ಊರು ನೆಲಸಮವಾದಾಗ, ಗುಡಿಸಲಲ್ಲಿದ್ದ ಜನ ಬಿದ್ದ ತಮ್ಮ ಮನೆಗಳ ಕಲ್ಲನ್ನೇ ಇಗರ್ಜಿಗೆ ಕೊಟ್ಟರು. ಕುಡುಕ ವಾನ್ನಿ ಅದೇ ಕಲ್ಲಿನಲ್ಲಿ ಅದೇ ಜನಕ್ಕೆ ನಾಲಿಗೆ ಚಾಚಿ ಅಣಕಿಸಿದ. ಆ ತಪ್ಪಿಗೆ ಅವನ ವಂಶದ ಒಬ್ಬ ಗಂಡಸನ್ನೂ ಮೆರವಣಿಗೆಯಲ್ಲಿ ಸಂತನ ಮೂರ್ತಿಗೆ ಹೆಗಲು ಕೊಡಲು ಕರೆಯಲಿಲ್ಲ. ಪಿನಕ್ಕನ ಅಪ್ಪ ಸಾಯುವವರೆಗೂ ವರ್ಷವರ್ಷ ಇಸ್ತ್ರಿ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿರುತ್ತಿದ್ದ. ಮೆರವಣಿಗೆ ಮುಂದೆ ಹೋದಮೇಲೆ ಅಂಗಿ ಬಿಚ್ಚಿ ಮಗಳ ಕೈಗೆ ಕೊಡುತ್ತಿದ್ದ. ಬೆವರಿನ ಒಂದು ಕಲೆಯೂ ಇಲ್ಲದ ಅಂಗಿಯನ್ನು ಅವಳು ಮಡಚಿಡುತ್ತಿದ್ದಳು.

ಹುಡುಗಿಯಾಗಿದ್ದಾಗ ಅವಳು ಇಸ್ತ್ರಿ ಕೆಲಸಕ್ಕಿದ್ದದ್ದು ಇಗರ್ಜಿ ಮುಂದಿನ ಚೌಕದ ಆಚೆಬದಿಯ ಬ್ಯಾರನ್ ಅರಮನೆಯಲ್ಲಿ. ಮೇಲಂತಸ್ತಿನ ಹಜಾರದಲ್ಲಿ ಇಗರ್ಜಿಗೆ ಎದುರಾಗಿ ಮೂರು ಕಿಟಕಿ. ಅಕ್ಕಪಕ್ಕದವು ಬೆಳಗಾದರೆ ತೆರೆಯುತ್ತಿದ್ದವು. ನಡುವಿನದಕ್ಕೆ ಮಾತ್ರ ಆನೆಗಾತ್ರದ ಬೀರುವೊಂದನ್ನು ಅಡ್ಡ ನಿಲ್ಲಿಸಿದ್ದರು. ಯಾಕೆ ಎಂದು ಒಮ್ಮೆ ಕೇಳಿದಳು. ಗಾಳಿ ಬರುತ್ತದೆ ಎಂದರು ಯಜಮಾನಿ. ಎರಡು ಕಿಟಕಿಯಲ್ಲಿ ಬಾರದ ಗಾಳಿ ನಡುವಿನದರಲ್ಲೇ ಬರುತ್ತದೆಯೇ ಎಂದು ಬಾಯಿತನಕ ಬಂದಿತ್ತು. ಕೇಳಿದ್ದರೆ, ನಾಲಿಗೆಯವರ ಹುಡುಗಿಗೆ ನಾಲಿಗೆ ಉದ್ದ ಎನ್ನುತ್ತಿದ್ದರು. ನುಂಗಿಕೊಂಡಳು. ಹಾಗೆ ನುಂಗುತ್ತಾ ನುಂಗುತ್ತಾ ಮದುವೆಯಾಗಿ, ಗಂಡನನ್ನು ಕಳೆದುಕೊಂಡು, ಇಗರ್ಜಿಯ ಬಲಿಪೀಠದ ಬಟ್ಟೆಗಳಿಗೆ ಗಂಜಿ ಹಾಕುವ ಮುದುಕಿಯಾದಳು.

ಆದರೆ ಕುತೂಹಲಕ್ಕೆ ಮುಪ್ಪಿಲ್ಲ ನೋಡಿ. ಭೂಕಂಪದಲ್ಲಿ ವಾನ್ನಿಯ ಮನೆಯೂ ಬಿದ್ದಿತ್ತು, ಹೆಂಡತಿಯೂ ಸತ್ತಿದ್ದಳು. ತನ್ನಂತೆಯೇ ಬೀದಿಗೆ ಬಿದ್ದವರನ್ನು ಅವನು ಅಣಕಿಸಿದ್ದಾದರೂ ಯಾಕೆ? ಇಸ್ತ್ರಿ ಮಾಡುವಾಗಲೆಲ್ಲ ಈ ಪ್ರಶ್ನೆ ಅವಳ ತಲೆ ತಿನ್ನುತ್ತಿತ್ತು.

ಮುಂಗೋಡೆ ತೊಳೆಯಲೆಂದು ಕಬ್ಬಿಣದ ಸಾರವೆ ಕಟ್ಟಿದ ವರ್ಷ, ಸಿರಾಕೂಸಾದಿಂದ ಲೂಚಿಲ್ಲಾ ಎಂಬ ಕಲ್ಲು ದುರಸ್ತಿಯವಳು ಬಂದಳು. ಪಿನಕ್ಕ ದಿನಾ ಟೊಮೆಟೊ ತುಂಬಿ ಮಡಚಿದ ರೊಟ್ಟಿ ಕೊಟ್ಟು, ಮೇಲೆ ನೋಡಿ, ಸುಮ್ಮನೆ ಬರುತ್ತಿದ್ದಳು. ಕೊನೆಗೆ ಆ ಹುಡುಗಿಯೇ, ರೊಟ್ಟಿ ಚೆನ್ನಾಗಿದೆ, ಆದರೆ ಇದರ ಹಿಂದೆ ಏನೋ ಇದೆಯಲ್ಲ ಎಂದು ನಕ್ಕಳು.

"ಆ ನಾಲಿಗೆ ಮುಖದ ಹತ್ರ ಒಂದ್ಸಲ ಹೋಗ್ಬೇಕಿತ್ತಮ್ಮ," ಎಂದಳು ಪಿನಕ್ಕ. "ಅವನು ನಮ್ಮಜ್ಜ."

ತಲೆಗೆ ಟೋಪಿ, ಸೊಂಟಕ್ಕೆ ಪಟ್ಟಿ ಬಿಗಿಸಿ ಹತ್ತಿಸಿದರು. ಅರ್ಧದಾರಿಯಲ್ಲಿ ಪಿನಕ್ಕನಿಗೆ ಹೆದರಿಕೆ ಹುಟ್ಟಿತು, ಎತ್ತರದ್ದಲ್ಲ. ಊರು ಹೇಳಿದ್ದೇ ನಿಜವಾಗಿಬಿಟ್ಟರೆ? ಇಷ್ಟು ದಿನ ಅನುಮಾನವಾದರೂ ಜೊತೆಗಿತ್ತು. ಅಲ್ಲಿಂದಲೇ ಇಳಿದುಬಿಡೋಣ ಅನ್ನಿಸಿತು. ಅಪ್ಪನ ಅಂಗಿ ನೆನಪಾಗಿ ಮತ್ತೆ ಹತ್ತಿದಳು.

ಮುಖ ಮೊರದಷ್ಟು ಅಗಲವಿತ್ತು. ಕೆಳಗಿನಿಂದ ಚೌಕದತ್ತ ಬಾಗಿದಂತೆ ಕಾಣುವ ತಲೆ, ಹತ್ತಿರದಿಂದ ನೋಡಿದರೆ ನೆಟ್ಟಗಿತ್ತು. ಉಬ್ಬಿದ ಹುಬ್ಬಿನ ನೆರಳು ಅಷ್ಟು ಕಾಲವೂ ಮೋಸ ಮಾಡಿತ್ತು. ಕಣ್ಣುಗಳಲ್ಲಿ ಪಾರಿವಾಳದ ಹಿಕ್ಕೆ ಗಟ್ಟಿಯಾಗಿ ಕೂತಿತ್ತು. ಲೂಚಿಲ್ಲಾ ನೀರು ಚಿಮುಕಿಸಿ ಮೆತ್ತನೆ ಕುಂಚದಿಂದ ಉಜ್ಜತೊಡಗಿದಳು. ಕೊರೆದು ಮಾಡಿದ ಕರಿಗುಡ್ಡೆಗಳು ನಿಧಾನವಾಗಿ ಕಂಡವು. ಎರಡೂ ಒಂದೇ ಬದಿಯ ಕಣ್ಣಂಚಿಗೆ ಸರಿದಿದ್ದವು.

ಲೂಚಿಲ್ಲಾ ಉಳಿದ ಮುಖಗಳತ್ತ ಹೋಗಿ ನೋಡಿ ಬಂದಳು. "ಅವೆಲ್ಲ ನೇರ ನೋಡ್ತವೆ. ಇವನೊಬ್ಬನೇ ಓರೆಗಣ್ಣು. ಕೆಳಗಂತೂ ನೋಡ್ತಾನೇ ಇಲ್ಲ ಅಮ್ಮ."

ಪಿನಕ್ಕ ತನ್ನ ಕೆನ್ನೆಯನ್ನು ಕಲ್ಲಿನ ಕೆನ್ನೆಗೆ ಒತ್ತಿ, ಅವನು ನೋಡುವ ಕಡೆಗೇ ನೋಡಿದಳು. ಚೌಕ ಕಾಣಲೇ ಇಲ್ಲ, ಕಾಣಬೇಕಾದರೆ ಬಗ್ಗಬೇಕಿತ್ತು. ಓರೆಯಾಗಿ ಆಚೆಬದಿಯಲ್ಲಿ, ಸರಿಯಾಗಿ ಅದೇ ಎತ್ತರದಲ್ಲಿ, ಅರಮನೆಯ ನಡುವಿನ ಕಿಟಕಿ ಮುಚ್ಚಿಕೊಂಡಿತ್ತು.

ಅವಳಿಗೆ ಮೊದಲು ಬಂದದ್ದು ಸಿಟ್ಟು, ಅಪ್ಪನ ಪರವಾದ ಸಿಟ್ಟು. ಊರಿಗೆಲ್ಲ ಗೊತ್ತಿದ್ದ ಒಂದು ಮಾತು ಆಗ ಹೊಸದಾಗಿ ಹೊಳೆಯಿತು. ಜನ ಇನ್ನೂ ಗುಡಿಸಲಲ್ಲಿದ್ದಾಗಲೇ ಅರಮನೆ ಮೂರಂತಸ್ತು ಎದ್ದು ನಿಂತಿತ್ತು. ಜನ ಕಲ್ಲು ಕೊಟ್ಟ ಇಗರ್ಜಿಗೆ ಎರಡು ತಲೆಮಾರು ಹಿಡಿಯಿತು. ಅರಮನೆಗೆ ಕಲ್ಲು ಎಲ್ಲಿಂದ ಬಂತೆಂದು ಯಾರೂ ಕೇಳಿರಲಿಲ್ಲ. ಯಾಕೆ ನಾಲಿಗೆ ಚಾಚಿದ ಅನ್ನೋದು ನಂಗೆ ಗೊತ್ತಾಗಲ್ಲ, ಯಾರಿಗೆ ಅನ್ನೋದನ್ನ ಮಾತ್ರ ಧೈರ್ಯವಾಗಿ ಹೇಳ್ತೀನಿ ಎಂದಳು ಲೂಚಿಲ್ಲಾ. ಪಿನಕ್ಕ ಸೆರಗಿಲ್ಲದ ಊರಿನವಳು, ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಂಡಳು. ಆಮೇಲೆ ಒದ್ದೆ ಕಲ್ಲಿನ ಮುಖವನ್ನೂ ಒರೆಸಿದಳು.

ಭಾನುವಾರ ಪೂಜೆ ಮುಗಿದು ಮೆಟ್ಟಿಲ ಬುಡದ ಕಾಫಿ ಅಂಗಡಿ ತುಂಬಿತ್ತು. ಅರಮನೆಯ ಈಗಿನ ಯಜಮಾನ ದೋನ್ ಕೊರ್ರಾದೋ ಎಂದಿನ ಕುರ್ಚಿಯಲ್ಲಿ ಕೂತು ಬಾದಾಮಿ ಗ್ರಾನೀತಾದ ಮಂಜನ್ನು ಚಮಚದಲ್ಲಿ ಕೆದಕುತ್ತಿದ್ದ. ಕೆಟ್ಟವನೇನಲ್ಲ. ಆದರೆ ಪಿನಕ್ಕ ಹಾದುಹೋದರೆ ಕೆಣಕದೆ ಬಿಟ್ಟವನೂ ಅಲ್ಲ.

"ಏನು ಪಿನಾ, ಮೇಲೆ ಹತ್ತಿದ್ಯಂತೆ? ಏನಂದ ನಿಮ್ಮಜ್ಜ?"

ಸುತ್ತಲಿದ್ದವರು ನಕ್ಕರು. ಅವಳು ತಲೆತಗ್ಗಿಸಿ ಹೋಗುತ್ತಾಳೆಂದು ಅವರೆಲ್ಲರಿಗೂ ಗೊತ್ತು. ಪಿನಕ್ಕ ಹೋಗಲಿಲ್ಲ.

"ನಿಮ್ಮ ನಡುಕಿಟಕಿ ತೆಗೀಬೇಕಂತೆ, ದೋನ್ ಕೊರ್ರಾದೋ," ಎಂದಳು. "ಅವನು ನಾಲಿಗೆ ಚಾಚಿರೋದು ಊರಿಗಲ್ಲ, ನಿಮ್ಮ ಮನೆಗೆ. ಮುನ್ನೂರು ವರ್ಷದಿಂದ ಕಾದಿದಾನೆ. ನಿಮ್ಮೋರು ಬೀರು ಅಡ್ಡ ಇಟ್ಕೊಂಡು ಕೂತಿದಾರೆ."

ರೊಟ್ಟಿ ಅಂಗಡಿಯವನು ಎದ್ದು ನಿಂತು ಇಗರ್ಜಿಯ ಕಡೆ ನೋಡಿದ, ತಿರುಗಿ ಅರಮನೆಯ ಕಡೆ ನೋಡಿದ. ಅವನ ಹಿಂದೆ ಒಬ್ಬೊಬ್ಬರದೇ ತಲೆ ತಿರುಗಿತು. ದೋನ್ ಕೊರ್ರಾದೋ ಮಾತ್ರ ತಲೆಯೆತ್ತಲಿಲ್ಲ. ಅವನಿಗೆ ನೋಡುವ ಅಗತ್ಯವೇ ಇರಲಿಲ್ಲವೆಂದು ಆಗ ಎಲ್ಲರಿಗೂ ಗೊತ್ತಾಯಿತು.

ಪಿನಕ್ಕ ಅವನ ಎದುರಿನ ಖಾಲಿ ಕುರ್ಚಿ ಎಳೆದು ಕೂತು, ತನಗೂ ಒಂದು ಗ್ರಾನೀತಾ ತರಹೇಳಿದಳು.