ಬಾಗಿಲೊಳಗಿದ್ದ ಸೈಕಲ್ ಟ್ಯೂಬು

ಬನ್ರವ್ವ, ಕಾಲು ನೀಡ್ಕೊಂಡು ಕುಂತ್ಕಳಿ, ನಮ್ಮ ಹಳೇ ಕಾರಿನ ಮಾತೊಂದು ಹೇಳ್ತೀನಿ. ನಮ್ಮೆಜಮಾನ್ರು ತೀರ್ಕೊಂಡ ವರ್ಸ, ನಾನು ಕೂರೋ ಕಡೆ ಕಿಟಕಿ ಗ್ಲಾಸು ವಾರೆಯಾಗಿ ಮ್ಯಾಕೆ ಏರದಂಗಾಯ್ತು. ಕಿಕ್ಕೇರಿ ಗ್ಯಾರೇಜಿಗೆ ತಕ್ಕೊಂಡೋದೊ.

ಮೆಕ್ಯಾನಿಕ್ಕು ಬಾಗಿಲು ಬಿಚ್ಚಿ ನಕ್ಬುಟ್ಟ. "ಯಾವ ಪುಣ್ಯಾತ್ಮನವ್ವಾ ಗಾಳಿ ತಡ್ಯೋ ರಬ್ಬರ್ ಜಾಗಕ್ಕೆ ಸೈಕಲ್ ಟ್ಯೂಬು ತುರುಕಿರೋನು? ಅದೇ ಗ್ಲಾಸನ್ನ ತಳ್ಳೈತೆ. ಇದೊಂದೇ ಬಾಗಿಲಿಗೆ ಬೇರೆ!"

ಕಿಟಕಿ ಸಂದಿಯಿಂದ ಗಾಳಿ ಬಡ್ದು ಕಿವಿ ನೋಯ್ತದೆ ಅಂತ ನಾನು ದಿನಾ ನಮ್ಮೆಜಮಾನ್ರ ತಾವ ಗೊಣಗ್ತಿದ್ದೆ. "ಸೆರಗು ಹೊದ್ಕಳೆ" ಅಂತ ಅವ್ರು ಅಂತಿದ್ರೇ ಹೊರ್ತು, ಟ್ಯೂಬಿನ ವಿಚಾರ ಒಂದಿನಾನೂ ಬಾಯಿ ಬುಡ್ಲಿಲ್ಲ.

"ಹೊಸ ರಬ್ಬರ್ ಹಾಕಪ್ಪ, ಆ ತುಂಡು ನಂಗೆ ಕೊಡು" ಅಂದೆ.

"ಈ ಕಸ ಯಾಕವ್ವಾ?" ಅಂತಾನೇ ಕೊಟ್ಟ.

ಅವನೀಗ ನಾಗಮಂಗಲದಲ್ಲಿ ಸ್ವಂತ ಶೆಡ್ಡು ಹಾಕವ್ನೆ. ಕಾರು ಗುಜರಿಗೆ ಹೋಯ್ತು. ಟ್ಯೂಬು ನನ್ನ ಎಲಡಿಕೆ ಚೀಲದಲ್ಲೈತೆ. ಹೊಸ ರಬ್ಬರು ಗಾಳೀನ ಚೆನ್ನಾಗೇ ತಡೀತು ಕಣ್ರವ್ವ. ಆಮ್ಯಾಕೆ ನಾನು ಯಾರ ತಾವ ಗೊಣಗ್ಲಿ?