ಬಸ್ಸಿನಲ್ಲಿ ಬರುತ್ತಿದ್ದ ಮುಖಕವಚಗಳು

ನಮ್ಮ ಜಿಲ್ಲಾ ಫೆನ್ಸಿಂಗ್ (ಕತ್ತಿವರಸೆ) ಸಂಘದ ಕಾರ್ಯದರ್ಶಿಯ ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್ಲು. ‘ಬರ್ಕಳಿ, ಮರ್ತೋಯ್ತದೆ’ ಎನ್ನುವುದು ಅವರ ಮಾತು. ಕನಕಪುರ, ಚನ್ನಪಟ್ಟಣದ ಎರಡು ಕೇಂದ್ರಗಳಿಗೂ ಸೇರಿ ಇದ್ದ ಕೆಲವೇ ಮುಖಕವಚಗಳು ಒಂದು ಚೀಲದಲ್ಲಿ, ಬಸ್ಸಿನಲ್ಲಿ ಓಡಾಡುತ್ತಿದ್ದವು. ಒಂದು ಭಾನುವಾರ ಚೀಲ ಬರಲಿಲ್ಲ. ನಾನು ಕಾಯದೆ ಆಟಕ್ಕಿಳಿದೆ. ನನ್ನ ಕತ್ತಿಯ ತುದಿ ಎದುರಾಳಿ ಹುಡುಗಿಯ ಹುಬ್ಬು ಸೀಳಿತು. ಕಣ್ಣು ಉಳಿಯಿತು.

ಸಭೆಯಲ್ಲಿ ಸದಸ್ಯರೊಬ್ಬರು, ‘ಸಾಕು ಈ ರಾಜರ ಆಟ, ಸಂಘ ಮುಚ್ಬುಡಿ ಸಾರ್’ ಎಂದರು. ಕಾರ್ಯದರ್ಶಿ ವರ್ಷದ ಯೋಜನೆಯಲ್ಲಿದ್ದ ‘ಮಾಗಡಿಯಲ್ಲಿ ಹೊಸ ಕೇಂದ್ರ’ವನ್ನು ಹೊಡೆದುಹಾಕಿ, ‘ಎಲ್ಲರಿಗೂ ಮುಖಕವಚ’ ಎಂದು ಬರೆದರು. ‘ಮಾಗಡಿ ಎಲ್ಗೂ ಓಡೋಗಕ್ಕಿಲ್ಲ. ಮುಚ್ಚೋ ಮಾತೇ ಬ್ಯಾಡ.’

ಹೊಸ ಕವಚಗಳು ಬಂದರೂ ಯಾರೂ ಕತ್ತಿ ಮುಟ್ಟಲಿಲ್ಲ. ಕಾರ್ಯದರ್ಶಿಯೇ ಒಂದನ್ನು ತೊಟ್ಟು ನನ್ನೆದುರು ನಿಂತರು. ‘ಹೊಡಿ ಕಣವ್ವ. ಇವತ್ತು ನೀನು ಹೊಡೀದಿದ್ರೆ ನಾಳೆ ಯಾರೂ ಬರಕ್ಕಿಲ್ಲ.’

ನಾನು ಕತ್ತಿ ಎತ್ತಿದೆ. ಅವರು ಕದಲಲಿಲ್ಲ. ಹೊಡೆದೆ.