ಸಾಣೆ ಗಾಡಿಯ ಚೈನು

ಮಲ್ಲಿಕಸಾಬನ ಬೈಕಿಗೆ ಎರಡು ಕೆಲಸ. ರಸ್ತೆಯ ಮೇಲಿದ್ದಾಗ ಅದು ಅವನನ್ನೂ ಹೆಂಡತಿ ಮಾಶಾಬಿಯನ್ನೂ ಹುಬ್ಬಳ್ಳಿಯ ಕಮರಿಪೇಟೆಯಿಂದ ಧಾರವಾಡದ ಸುತ್ತಲಿನ ಊರುಗಳಿಗೆ ಹೊತ್ತೊಯ್ಯುತ್ತದೆ. ಊರು ಮುಟ್ಟಿ ಸ್ಟ್ಯಾಂಡ್ ಹಾಕಿದ ಮೇಲೆ ಅದೇ ಸಾಣೆಯ ಯಂತ್ರವಾಗುತ್ತದೆ. ನೆಲ ಬಿಟ್ಟು ತಿರುಗುವ ಹಿಂದಿನ ಗಾಲಿಗೊಂದು ಬೆಲ್ಟು ಸಿಕ್ಕಿಸಿದರೆ, ಕ್ಯಾರಿಯರಿನ ಮೇಲೆ ಕೂರಿಸಿದ ಸಾಣೆಕಲ್ಲು ಗಿರ್ರನೆ ತಿರುಗತೊಡಗುತ್ತದೆ. ಅವನ ತಂದೆ ಬಾಬುಸಾಬ ಕಾಲಿನಿಂದ ತುಳಿಯುವ ಸಾಣೆಯನ್ನು ಹೆಗಲ ಮೇಲೆ ಹೊತ್ತು ಓಣಿ ಓಣಿ ಅಲೆದವನು. ಮಗ ಮಾಡಿಕೊಂಡ ಈ ಗಾಡಿಯನ್ನು ನೋಡಿ, "ನಿನ್ನ ಮೊಣಕಾಲರ ಉಳದ್ವು ಬಿಡಪಾ" ಎಂದಿದ್ದ.

ಮನೆಮನೆಗೆ ಹೋಗುವವಳು ಮಾಶಾಬಿ. "ಸಾಣಿ ಹಿಡೀತೇವ್ರೀ... ಈಳಿಗಿ, ಕುಡಗೋಲ, ಕತ್ರಿ!" ಎಂದು ಅವಳು ಕೂಗುತ್ತ ನಡೆದರೆ, ಗಂಡಸಿನ ದನಿಗೆ ಬಾಗಿಲು ತೆರೆಯದ ಹೆಣ್ಣುಮಕ್ಕಳೂ ಅಡಿಗೆಮನೆಯಿಂದ ಈಳಿಗೆ ತಂದು ಕೊಡುತ್ತಾರೆ. ಯಾವುದು ಯಾರದೆಂದು ಅವಳು ಎಂದೂ ಗುರುತು ಹಾಕಿದವಳಲ್ಲ. ಹಿಡಿಕೆ ನೋಡಿದರೆ ಕೊಟ್ಟವರ ಮುಖ ಕಣ್ಣಿಗೆ ಕಟ್ಟುತ್ತದೆ ಎನ್ನುತ್ತಾಳೆ. ಈವರೆಗೆ ತಪ್ಪಿಲ್ಲ.

ತಪ್ಪಿದ್ದು ಮಲ್ಲಿಕಸಾಬನ ಕೈಯಲ್ಲಿ, ಹೋದ ಚಳಿಗಾಲದಲ್ಲಿ, ಅಮ್ಮಿನಬಾವಿಯಲ್ಲಿ.

ಅಲ್ಲಿ ರೇಣವ್ವ ಎಂಬಾಕೆ ತನ್ನ ಮನೆಯ ಪಡಸಾಲೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಬ್ಲೌಜ್ ಹೊಲಿಯುತ್ತಾಳೆ. ಹಿತ್ತಾಳೆ ಹಿಡಿಕೆಯ ಅವಳ ದೊಡ್ಡ ಕತ್ತರಿಯನ್ನು ಮಲ್ಲಿಕಸಾಬನೇ ವರ್ಷಗಳಿಂದ ಹದ ಮಾಡುತ್ತ ಬಂದಿದ್ದ. ಆ ದಿನವೂ ಅಲಗನ್ನು ಕಲ್ಲಿಗೆ ತಾಗಿಸಿ ನಿಧಾನ ಎಳೆಯುತ್ತಿದ್ದ. ಗಾಡಿಯೊಳಗೆ ಕಟಕ್ಕೆಂದು ಸದ್ದಾಯಿತು. ಚೈನು ಹಲ್ಲಿನ ಚಕ್ರದ ಮೇಲೆ ಜಾರಿತ್ತು. ಕಲ್ಲು ಒಂದು ಕ್ಷಣ ತಡೆದು, ಮರುಕ್ಷಣ ಎಗರಿ, ಅಲಗನ್ನು ಕಚ್ಚಿತು. ಎಂಜಿನ್ ಆರಿಸಿ ನೋಡಿದರೆ ಅಂಚಿನಲ್ಲಿ ಜೋಳದ ಕಾಳಿನಷ್ಟು ಗಾಯ.

"ಏನಾತ್ರಿ?" ರೇಣವ್ವ ಹೊರಗೆ ಬಂದಳು.

"ಹಾಳ ಮಾಡೇನ್ರಿ ಅವ್ವಾರ," ಎಂದ ಮಲ್ಲಿಕಸಾಬ.

ಅವಳು ಕತ್ತರಿಯನ್ನು ಬಿಸಿಲಿಗೆ ಹಿಡಿದು ತಿರುವಿ ನೋಡಿದಳು. "ಇನ್ನ ಕತ್ತರಸೂ ಅರಬಿ ಪ್ರತೀ ಸಲ ಇಲ್ಲೇ ಹಿಡೀತೈತಿ. ಮದವಿ ಬ್ಲೌಜ್ ಬಂದ ಬಿದ್ದಾವು, ನಾ ಏನ ಮಾಡ್ಲಿ?"

"ನನ್ನ ಕಡೆ ಕೊಡ್ರಿ. ಸರಿ ಮಾಡಿ ತರ್ತೇನಿ."

ಕೊಡಲೋ ಬೇಡವೋ ಎಂದು ಅವಳು ನಿಂತೇ ಇದ್ದಳು. ಕೊನೆಗೆ ಕತ್ತರಿಯನ್ನು ಅವನಿಗೆ ಕೊಡಲಿಲ್ಲ, ಮಾಶಾಬಿಯ ಕೈಗೆ ಇಟ್ಟಳು. "ಸಣ್ಣ ಕತ್ರ್ಯಾಗ ಹೆಂಗರ ದಿನಾ ತಳ್ಳತೇನಿ. ಲಗೂ ತರ್ರಿ ಮತ್ತ."

ಹಿಂದಿರುಗುವಾಗ ಅವನು ಗಾಡಿಯನ್ನು ನಿಧಾನವಾಗಿ ಓಡಿಸಿದ. ಗೇರು ಬದಲಿಸಿದಾಗಲೆಲ್ಲ ಕೆಳಗೆ ಕಟಕ್ ಎನ್ನುತ್ತಿತ್ತು.

"ಈ ಸಪ್ಪಳ ಭಾಳ ದಿನದಿಂದ ಕೇಳಾಕತ್ತೇನಿ. ನಿಮಗ ಹೇಳಿದ್ದೆ," ಎಂದಳು ಹಿಂದೆ ಕೂತಿದ್ದ ಮಾಶಾಬಿ.

"ಹೇಳಿದ್ದಿ," ಎಂದ.

ಮರುದಿನ ಗಾಡಿಯನ್ನು ಜುಲ್ಫಿಕಾರನ ಗ್ಯಾರೇಜಿಗೆ ಒಯ್ದ. ಅವರ ಓಣಿಯ ಬಾಯಿಗೇ ಇರುವ ಅಂಗಡಿ. ಜುಲ್ಫಿಕಾರ ಮುಂದಿನ ಸಣ್ಣ ಚಕ್ರದ ಮುಚ್ಚಳ ಬಿಚ್ಚಿದವನೇ ನಕ್ಕುಬಿಟ್ಟ.

"ಕಾಕಾ, ಇವು ಹಲ್ಲೇನ್ರಿ? ಮೀನ ಹಿಡಿಯೂ ಗಾಳ ಆಗ್ಯಾವು!"

ನಿಜವೇ. ನೆಟ್ಟಗಿರಬೇಕಾದ ಹಲ್ಲುಗಳೆಲ್ಲ ಸವೆದು, ಚೂಪಾಗಿ, ಒಂದೇ ಕಡೆಗೆ ಬಾಗಿದ್ದವು. ಹಿಂದಿನ ದೊಡ್ಡ ಚಕ್ರದ್ದೂ ಅದೇ ಗತಿ. ಎರಡನ್ನೂ ಹೊಸದು ಹಾಕಲು ಮಲ್ಲಿಕಸಾಬ ತಕ್ಷಣ ಒಪ್ಪಿದ. ಮಾತು ಚೈನಿಗೆ ಬಂದಾಗ ಮಾತ್ರ ತಡೆದ.

"ಚೈನ್ ಇರ್ಲಿ. ರಮ್ಜಾನಕ್ಕ ನಾನ ಹೊಸಾದು ಹಾಕೇನಿ."

"ಹಲ್ಲ ಹಳೇವ ಬಿಟ್ಟು, ಬರೇ ಚೈನ್ ಹಾಕಿದ್ರಿ?"

"ಆವಾಗ ಹಲ್ಲ ಛಲೋನ ಕಂಡಿದ್ವು."

ಜುಲ್ಫಿಕಾರ ವಾದ ಮಾಡಲಿಲ್ಲ. ಹೊಸ ಚಕ್ರಗಳನ್ನು ಕೂರಿಸಿ, ಅದೇ ಚೈನನ್ನು ಏರಿಸಿ, ಬಿಗಿ ಮಾಡಿದ. ಆಮೇಲೆ ದೊಡ್ಡ ಚಕ್ರದ ಹಿಂಬದಿಗೆ ಬಂದು ಚೈನನ್ನು ಎರಡು ಬೆರಳಲ್ಲಿ ಹಿಡಿದು ಎಳೆದ. ಅದು ಚಕ್ರ ಬಿಟ್ಟು ಮೇಲೆದ್ದಿತು. ಅಡಿಯಲ್ಲಿ ಹೊಸ ಹಲ್ಲು ಅರ್ಧಕ್ಕಿಂತ ಹೆಚ್ಚು ಕಾಣುತ್ತಿತ್ತು.

"ನೋಡ್ರಿ. ಛಲೋ ಚೈನ್ ಹಿಂಗ ಎದ್ದ ಬರಂಗಿಲ್ಲ. ಹಳೇ ಹಲ್ಲು ಇದನ್ನ ಸವಿಸಿ ಉದ್ದ ಮಾಡ್ಯಾವು. ಇನ್ನ ಇದು ಹೊಸಾ ಹಲ್ಲ ತಿಂತೈತಿ." ಹಾಗೆನ್ನುತ್ತ ಬೆರಳಿಗೆ ಹತ್ತಿದ ಕರಿ ಗ್ರೀಸನ್ನು ತಿಕ್ಕಿ ನೋಡಿದ. "ಇದೇನ್ರಿ, ಉಸುಕಿನಂಗ?"

ಮಲ್ಲಿಕಸಾಬನೂ ಚಿಟಿಕೆಯಷ್ಟು ತೆಗೆದು ಹೆಬ್ಬೆರಳಿನಿಂದ ತಿಕ್ಕಿದ. ಅದು ಉಸುಕಲ್ಲ ಎಂದು ಅವನ ಚರ್ಮಕ್ಕೆ ಗೊತ್ತಾಯಿತು. ಅವನದೇ ಸಾಣೆಕಲ್ಲಿನ ಪುಡಿ, ಊರವರ ಈಳಿಗೆಗಳ ಕಬ್ಬಿಣದ ಪುಡಿ. ದಿನವೂ ಮೇಲಿಂದ ಉದುರಿ ಗ್ರೀಸಿನಲ್ಲಿ ಕೂತು ಚೈನನ್ನೇ ಸಾಣೆ ಹಿಡಿದಿತ್ತು. ಇಷ್ಟು ವರ್ಷ ಇದು ಅವನಿಗೆ ಹೊಳೆದೇ ಇರಲಿಲ್ಲ.

ಆದರೂ, "ಈಗ ಇರ್ಲಿ ಬಿಡು" ಎಂದ. ಜೀವ ಇರುವತನಕ ಕಬ್ಬಿಣ ಬಿಸಾಡುವ ಜಾಯಮಾನ ಅವನದಲ್ಲ. ಅಮಾವಾಸ್ಯೆ ಮುಗಿದ ಚಂದ್ರನಂತೆ ತೆಳ್ಳಗಾದ ಕುಡಗೋಲನ್ನೂ ಇನ್ನೊಂದು ಸುಗ್ಗಿಗೆ ಬರುವಂತೆ ಮಾಡಿ ಕೊಡುವವನು.

"ನಿಮ್ಮ ಚೈನು, ನಿಮ್ಮ ಇಚ್ಛಾ," ಎಂದ ಜುಲ್ಫಿಕಾರ. "ಆದ್ರ ಹೊಸಾ ಹಲ್ಲ ಕೆಡೂದ್ರಾಗ ತಿರಿಗಿ ಬರ್ರಿ."

ಮನೆಯ ಮುಂದೆ ಗಾಡಿ ನಿಲ್ಲಿಸಿ, ಬೆಲ್ಟು ಸಿಕ್ಕಿಸಿ, ತಮ್ಮದೇ ಅಡಿಗೆಮನೆಯ ಚಾಕುವನ್ನು ಕಲ್ಲಿಗೆ ಹಿಡಿದ. ಚೈನು ಜಾರಲಿಲ್ಲ. ಅವನ ಮುಖ ಅರಳಿತು. "ಕೇಳಿದೇನು? ಸಪ್ಪಳ ಹೋತು!"

ಮಾಶಾಬಿ ಹತ್ತಿರ ಬಂದು ಚಾಕುವಿನ ಬೆನ್ನ ಮೇಲೆ ಬೆರಳಿಟ್ಟಳು. "ನಡಗತೈತಿ," ಎಂದಳು.

ಅವನಿಗೂ ಅದು ತಿಳಿದಿತ್ತು. ಕಲ್ಲು ಒಂದೇ ಸಮನೆ ತಿರುಗದೆ ತುಸು ಜಗ್ಗಿ ತುಸು ಬಿಡುತ್ತಿತ್ತು. ಅಂಚನ್ನು ಬೆಳಕಿಗೆ ಹಿಡಿದರೆ ಸಣ್ಣ ಸಣ್ಣ ಅಲೆ.

"ಹಾದಿಗಿ ಈ ಚೈನ್ ಸಾಕಾದೀತು," ಎಂದಳು ಮಾಶಾಬಿ. "ಮಂದಿ ಕತ್ರಿಗಿ?"

ಮಲ್ಲಿಕಸಾಬ ಕಟ್ಟೆಯ ಮೇಲೆ ಕೂತು, ಚಾಕುವಿನ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ. ರೇಣವ್ವ ಕತ್ತರಿಯನ್ನು ತನ್ನ ಕೈಗೆ ಕೊಡದೆ ಹೆಂಡತಿಯ ಕೈಗೆ ಕೊಟ್ಟದ್ದು ಅವನ ಮನಸ್ಸಿನಿಂದ ಹೋಗಿರಲಿಲ್ಲ. ಮಧ್ಯಾಹ್ನದ ನಮಾಜು ಮುಗಿಸಿ ಗಾಡಿ ತಳ್ಳಿಕೊಂಡು ಗ್ಯಾರೇಜಿಗೆ ನಡೆದ. ಜುಲ್ಫಿಕಾರ ಎದುರಿನ ಅಂಗಡಿಗೆ ಎರಡು ಚಹಾ ಹೇಳಿ, ಹೊಸ ಚೈನಿನ ಪೆಟ್ಟಿಗೆ ಒಡೆದ. ಸಂಜೆ ಮಾಶಾಬಿ ಹಳೆಯ ರೆಕ್ಸಿನ್ ಚೀಲ ಕತ್ತರಿಸಿ, ಕಲ್ಲಿನ ಪುಡಿ ಚೈನಿನ ಮೇಲೆ ಬೀಳದಂತೆ ಒಂದು ಮರೆ ಹೊಲಿದು ಕಟ್ಟಿದಳು.

ಕತ್ತರಿಯನ್ನು ಅವನು ಯಂತ್ರಕ್ಕೆ ಒಡ್ಡಲಿಲ್ಲ. ಅದರ ತಿರುಪು ಬಿಚ್ಚಿ, ತಂದೆ ಬಿಟ್ಟುಹೋದ ಚಪ್ಪಟೆ ಕಲ್ಲಿನ ಮೇಲೆ ನೀರು ಚಿಮುಕಿಸಿ, ಕೈಯಿಂದಲೇ ತೇದ. ಗಾಯ ಅಳಿಯಬೇಕಾದರೆ ಆ ಅಲಗಷ್ಟೂ ಸವೆಯಬೇಕು. ಜೋಡಿ ಕೂಡಬೇಕಾದರೆ ಇನ್ನೊಂದೂ ಸವೆಯಬೇಕು. ಭುಜ ಸೋತಾಗ ನಿಲ್ಲಿಸುತ್ತ, ಮತ್ತೆ ಹಿಡಿಯುತ್ತ, ಅಂತೂ ಮುಗಿಸಿದ.

ಅಮ್ಮಿನಬಾವಿಗೆ ಒಯ್ದು ಕೊಟ್ಟಾಗ ರೇಣವ್ವ ಸಾಟಿನ್ ಬಟ್ಟೆಯ ತುಂಡೊಂದನ್ನು ಕತ್ತರಿಸಿ ನೋಡಿದಳು. ಎಲ್ಲಿಯೂ ಹಿಡಿಯಲಿಲ್ಲ.

"ಸಪೂರ ಆಗೇತಿ," ಎಂದಳು.

"ಹೌದ್ರಿ. ಅದರ ಆಯುಷ್ಯ ಒಂದೀಟ ಕಡಿಮಿ ಆತು. ಅದನ್ನ ತಿರಿಗಿ ಕೊಡಾಕ ನನ್ನ ಕಡೆ ಆಗಂಗಿಲ್ರಿ."

ಅವಳು ಹೂಂ ಎಂದಳಷ್ಟೇ. ಚಹಾ ಕುಡಿಸಿ ಕಳಿಸಿದಳು. ಸಾಣೆಗೆ ಬೇರೇನೂ ಕೊಡಲಿಲ್ಲ.

ಯುಗಾದಿಯ ಮುಂಚೆ ಮತ್ತೆ ಆ ಓಣಿಗೆ ಹೋದಾಗ, ಮಾಶಾಬಿಯ ಕೂಗು ಕೇಳಿ ರೇಣವ್ವ ತಾನೇ ಈಳಿಗೆ ಹಿಡಿದು ಗಾಡಿಯತನಕ ಬಂದಳು. ಎಂಜಿನ್ ಶುರುವಾಗಿ ಕಲ್ಲು ತಿರುಗುವುದನ್ನು ಕಿವಿಗೊಟ್ಟು ಕೇಳಿದಳು. "ಈಗ ಬರೋಬರಿ ಐತೇನ್ರಿ ಗಾಡಿ?"

"ಐತ್ರಿ. ನಿಂತ ನೋಡ್ರಿ ಬೇಕಾದ್ರ."

ಅವಳು ನಿಂತಳು. ಅಲಗಿನ ಮೊದಲ ಎಳೆತಕ್ಕೆ ಕಿಡಿ ಹಾರುವುದನ್ನು ನೋಡಿದಳು. ಅಷ್ಟರಲ್ಲಿ ಅಳತೆ ಕೊಡಲು ಯಾರೋ ಮನೆಗೆ ಬಂದಂತಾಯಿತು. ಈಳಿಗೆ ಮಲ್ಲಿಕಸಾಬನ ಕೈಯಲ್ಲಿರುವಂತೆಯೇ, "ಆತು, ನಡೀಲಿ" ಎಂದು ಒಳಗೆ ಹೋದಳು.